ಹಾಲು ತೊಂಡೆಯ ಲೆಕ್ಕ: ಒಂದು ಹುಳು, ಒಂದು ವೈರಸ್, ಕದ್ದ ಮುದ್ರೆಗಳು

ಭಾಗ 1/9: ಹುಳು ಯಾಕೆ ಸುಮ್ಮನೆ ಓಡಾಡ್ತಿದೆ?

ಶಿಡ್ಲಘಟ್ಟ, ಚಿಂತಾಮಣಿ ಕಡೆ ಹುಳು ಸಾಕೋ ಮನೆಯವರಿಗೆ ಇದನ್ನ ವಿವರಿಸೋದು ಬೇಡ. ಆದ್ರೆ ಈ ಪೇಜ್ ನೋಡೋರಲ್ಲಿ ಪೇಟೆ ಹುಡುಗ್ರೂ ಇದಾರೆ, ಅವರಿಗೋಸ್ಕರ ಹೇಳ್ತೀನಿ.

ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತೆ. ಆ ಹೊತ್ತಿಗೆ ಅದು ತಿನ್ನಲ್ಲ, ಅಲ್ಲಾಡಲ್ಲ, ತಲೆ ಎತ್ತಿಕೊಂಡು ಕೂತಿರುತ್ತೆ. ಅದನ್ನ ನಮ್ಮ ಕಡೆ 'ಜ್ವರ' ಅಂತೀವಿ. ಅದು ಕಾಯಿಲೆ ಅಲ್ಲ, ಬೆಳವಣಿಗೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ತಿನ್ನೋದಕ್ಕೆ ಶುರು ಮಾಡಿದ್ರೆ ಹುಳು ಮನೆಯಲ್ಲಿ ಮಳೆ ಹನಿ ಬಿದ್ದ ಹಾಗೆ ಸದ್ದು. ಇನ್ನೊಂದು ವಾರ ಕಳೆದ್ರೆ ಹುಳು ಹಣ್ಣಾಗುತ್ತೆ, ಚಂದ್ರಿಕೆಗೆ ಬಿಡಬಹುದು, ಗೂಡು ಕಟ್ಟುತ್ತೆ.

ಸರಿಯಾಗಿ ಆ ಟೈಮಲ್ಲೇ ಕೆಲವು ಹುಳು ಸೊಪ್ಪು ಬಿಟ್ಟು ತಟ್ಟೆ ಅಂಚಲ್ಲಿ ಓಡಾಡೋಕೆ ಶುರು ಮಾಡ್ತವೆ. ಚರ್ಮ ಬಿಗಿದು ಹೊಳೆಯುತ್ತೆ. ಮೈಯ ಗಿಣ್ಣುಗಿಣ್ಣಿನ ನಡುವೆ ಊದಿಕೊಳ್ಳುತ್ತೆ. ಕಾಲು ಸ್ವಲ್ಪ ಗಾಯ ಆದ್ರೂ ಹಾಲಿನಂಥ ಬಿಳಿ ರಸ. ಕೊನೆಗೆ ತಲೆ ಕೆಳಗಾಗಿ ನೇತಾಡಿ, ಮೈ ಒಡೆದು, ಆ ರಸ ಕೆಳಗಿನ ಸೊಪ್ಪಿನ ಮೇಲೆಲ್ಲಾ ಸುರಿಯುತ್ತೆ. ಅದೇ ಹಾಲು ತೊಂಡೆ ರೋಗ. ಇಂಗ್ಲಿಷ್ ಪುಸ್ತಕದಲ್ಲಿ ಗ್ರಾಸರಿ ಅಂತಾರೆ.

ನಾನು ಬಿಕಾಂ, ಹಾಗಾಗಿ ನನಗೆ ಮೊದಲು ಕಾಣೋದು ಲೆಕ್ಕ. ಒಂದು ಬೆಳೆಯಲ್ಲಿ ಹುಳು ತಿನ್ನೋ ಒಟ್ಟು ಸೊಪ್ಪಲ್ಲಿ 80%ಕ್ಕಿಂತ ಹೆಚ್ಚು ಈ ಐದನೇ ಹಂತದಲ್ಲೇ ಖರ್ಚಾಗುತ್ತೆ. ಮೊಟ್ಟೆ ದುಡ್ಡು, ಚಾಕಿ ದುಡ್ಡು, ಆಳಿನ ಕೂಲಿ, ತೋಟದ ಗೊಬ್ಬರ, ನೀರು, ಎಲ್ಲಾ ಹೋಗಿಯಾಗಿದೆ. ಕೈಗೆ ಬಂದಿರೋದು ಸೊನ್ನೆ. ಕ್ಲಾಸಲ್ಲಿ 'ಸಂಕ್ ಕಾಸ್ಟ್' ಅಂತ ಓದ್ತೀವಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಪುಸ್ತಕದಲ್ಲಿ ಇಲ್ಲ.

ಈ ಸೀರೀಸಲ್ಲಿ ಹೇಳೋ ವಿಷಯ ಒಂದೇ. ಈ ರೋಗ ತರೋ ವೈರಸ್ ಹುಳುವಿನ ರೋಗ ನಿರೋಧಕ ಶಕ್ತಿಯನ್ನ ಹೇಗೆ ಸೋಲಿಸುತ್ತೆ ಅನ್ನೋದನ್ನ ಓದಿ ಓದಿ ಪ್ರಪಂಚ ಔಷಧಿ ಕಲಿತಿದೆ, ಲಸಿಕೆ ಮಾಡಿದೆ. ಆದ್ರೆ ಹುಳು ಸಾಕಿದವರ ಖಾತೆಗೆ ಏನು ಜಮಾ ಆಗಿದೆ?

ಭಾಗ 2/9: ಸತ್ತ ಹುಳುವನ್ನ ದಿಟ್ಟಿಸಿ ನೋಡಿದವರು

ಈ ರೋಗ ಹೊಸದಲ್ಲ. 1527ರಲ್ಲೇ ಇಟಲಿಯ ಮಾರ್ಕೊ ಜಿರೊಲಾಮೊ ವೀಡ ಅನ್ನೋ ಪಾದ್ರಿ ರೇಷ್ಮೆ ಹುಳುವಿನ ಬಗ್ಗೆ ಲ್ಯಾಟಿನ್ ಪದ್ಯ ಬರೆದಾಗ, ಹುಳು ಊದಿ ಒಡೆದು ನೀರಾಗೋ ಕಾಯಿಲೆಯನ್ನೂ ಅದರಲ್ಲಿ ಸೇರಿಸಿದ್ದ. ಆಗ ವೈರಸ್ ಅನ್ನೋ ಕಲ್ಪನೆಯೇ ಇರಲಿಲ್ಲ.

1856ರಲ್ಲಿ ಇಟಲಿಯವರೇ ಆದ ಮಾಯೆಸ್ತ್ರಿ ಮತ್ತು ಕೊರ್ನಾಲಿಯ ಆ ಹಾಲಿನಂಥ ರಸವನ್ನ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ಒಳಗೆ ಹೊಳೆಯೋ, ಮೂಲೆ ಮೂಲೆ ಇರೋ ಸಣ್ಣ ಹರಳುಗಳು. ಅವಕ್ಕೆ ಪಾಲಿಹೆಡ್ರಾ ಅಂತ ಹೆಸರಾಯ್ತು. ಹಾಲು ಬೆಳ್ಳಗೆ ಕಾಣೋದಕ್ಕೆ ಆ ಹರಳುಗಳು ದೊಡ್ಡ ಕಾರಣ. ಜೊತೆಗೆ ಹುಳುವಿನ ಕೊಬ್ಬಿನ ಅಂಗವೂ ಕರಗಿ ಸೇರಿಕೊಂಡಿರುತ್ತೆ.

ಈ ಕಥೆಯಲ್ಲಿ ಎಲ್ಲರಿಗೂ ಗೊತ್ತಿರೋ ಹೆಸರು ಲೂಯಿ ಪಾಶ್ಚರ್. 1865ರಲ್ಲಿ ಫ್ರಾನ್ಸಿನ ಅಲೆಸ್ ಊರಿಗೆ ಹೋದಾಗ ಅವರಿಗೆ ಹುಳು ಸಾಕಣೆಯ ಗಂಧಗಾಳಿ ಇರಲಿಲ್ಲ. ಐದು ವರ್ಷ ಒದ್ದಾಡಿ 1870ರಲ್ಲಿ ಪುಸ್ತಕ ತಂದರು. ಅವರು ಬಿಡಿಸಿದ್ದು ಮುಖ್ಯವಾಗಿ ಎರಡು ರೋಗ: ಗಂಟುರೋಗ ಮತ್ತು ಸಪ್ಪೆರೋಗ. ಹಾಲು ತೊಂಡೆ ಅವರ ಪಟ್ಟಿಯಲ್ಲಿ ಹಿಂದೆಯೇ ಉಳಿಯಿತು.

19ನೇ ಶತಮಾನದ ಕೊನೆಯಲ್ಲಿ ಬೋಲೆ ಅನ್ನೋ ಸಂಶೋಧಕ ಒಂದು ಒಳ್ಳೆ ವಿಷಯ ಕಂಡುಕೊಂಡ. ಈ ಹರಳುಗಳು ನೀರಲ್ಲಿ ಕರಗಲ್ಲ, ಹುಳುವಿನ ಹೊಟ್ಟೆಯ ರಸದಲ್ಲಿ ಮಾತ್ರ ಕರಗ್ತವೆ. ಯಾಕಂದ್ರೆ ಹುಳುವಿನ ಹೊಟ್ಟೆ ನಮ್ಮ ಹಾಗೆ ಹುಳಿ ಅಲ್ಲ, ಸುಣ್ಣದ ನೀರಿನ ಹಾಗೆ ಕ್ಷಾರ. ಸೊಪ್ಪಿನ ಜೊತೆ ಹರಳು ಒಳಗೆ ಹೋದ್ರೆ ಅಲ್ಲಿ ಬೀಗ ತೆರೆಯುತ್ತೆ. 1947ರಲ್ಲಿ ಬೆರ್ಗೊಲ್ಡ್ ಅನ್ನೋ ವಿಜ್ಞಾನಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಹರಳಿನ ಒಳಗೆ ಕಡ್ಡಿ ಆಕಾರದ ವೈರಸ್ ಕೂತಿದೆ ಅಂತ ತೋರಿಸಿದರು.

ಅದರ ಇವತ್ತಿನ ಹೆಸರು ಬಾಂಬಿಕ್ಸ್ ಮೋರಿ ನ್ಯೂಕ್ಲಿಯೊಪಾಲಿಹೆಡ್ರೊ ವೈರಸ್. ನಾವು ಚಿಕ್ಕದಾಗಿ ಎನ್‌ಪಿವಿ ಅನ್ನೋಣ.

ಭಾಗ 3/9: ಮೊಟ್ಟೆ ಪರೀಕ್ಷೆ ಮಾಡಿದ್ರೂ ಈ ರೋಗ ಯಾಕೆ ಹೋಗಲ್ಲ?

ನಮ್ಮ ಸೀಮೆಗೆ ರೇಷ್ಮೆ ದೊಡ್ಡದಾಗಿ ಬಂದಿದ್ದು ಟಿಪ್ಪು ಸುಲ್ತಾನನ ಕಾಲದಲ್ಲಿ, 18ನೇ ಶತಮಾನದ ಕೊನೆಗೆ. ಆಮೇಲೆ 1890ರ ದಶಕದ ಕೊನೆಯಲ್ಲಿ ಜೆಮ್‌ಶೆಟ್‌ಜಿ ಟಾಟಾ ಬೆಂಗಳೂರಲ್ಲಿ ಜಪಾನಿನ ಪರಿಣತರನ್ನ ಇಟ್ಟುಕೊಂಡು ಒಂದು ರೇಷ್ಮೆ ಫಾರ್ಮ್ ಮಾಡಿದರು. ಬಸವನಗುಡಿ ಹತ್ತಿರ ಟಾಟಾ ಸಿಲ್ಕ್ ಫಾರ್ಮ್ ಅಂತ ಏರಿಯಾ ಹೆಸರು ಈಗಲೂ ಇದೆ. ಮುಂದೆ ಮೈಸೂರು ಸರ್ಕಾರ ಇಟಲಿಯಿಂದ ವಾಷಿಂಗ್ಟನ್ ಮಾರಿ ಅನ್ನೋ ತಜ್ಞರನ್ನ ಕರೆಸಿತು, ರೇಷ್ಮೆಗೇ ಒಂದು ಇಲಾಖೆ ಆಯ್ತು. ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರ ರೇಷ್ಮೆ ಮಂಡಳಿ, 1961ರಲ್ಲಿ ಮೈಸೂರಿನ ಸಂಶೋಧನಾ ಸಂಸ್ಥೆ, ಆಮೇಲೆ ನಮ್ಮ ಚಿಂತಾಮಣಿಯಲ್ಲೇ ರೇಷ್ಮೆ ಕೃಷಿ ಕಾಲೇಜು. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆ ಆದಾಗ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಈ ಜಿಲ್ಲೆಯ ಪಾಲಿಗೆ ಬಂತು. ಮೈಸೂರು ತಳಿಯನ್ನ ಸಿಎಸ್‌ಆರ್-2 ಜೊತೆ ಸೇರಿಸಿದ ಒಂದು ಮಿಶ್ರತಳಿಗೆ 'ಕೋಲಾರ್ ಗೋಲ್ಡ್' ಅಂತಲೇ ಹೆಸರಿದೆ.

ಇಷ್ಟೆಲ್ಲಾ ಸಂಸ್ಥೆಗಳ ದೊಡ್ಡ ಕೆಲಸ ಏನು ಅಂದ್ರೆ ರೋಗರಹಿತ ಮೊಟ್ಟೆ. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡ್ತಾರೆ. ಗಂಟುರೋಗದ ಕಣ ಕಂಡ್ರೆ ಆ ಮೊಟ್ಟೆ ಸುಟ್ಟು ಹಾಕ್ತಾರೆ. ಇದು ಪಾಶ್ಚರ್ ಕೊಟ್ಟ ದಾರಿ. ಗಂಟುರೋಗ ತಾಯಿಯಿಂದ ಮೊಟ್ಟೆಗೆ ಹೋಗುತ್ತೆ, ಹಾಗಾಗಿ ಈ ದಾರಿ ಕೆಲಸ ಮಾಡುತ್ತೆ.

ಹಾಲು ತೊಂಡೆ ಹಾಗಲ್ಲ. ಅದು ಮುಖ್ಯವಾಗಿ ಬಾಯಿಂದ ಬರುತ್ತೆ: ಹೋದ ಬೆಳೆಯ ಹರಳು ನೆಲದಲ್ಲಿ, ತಟ್ಟೆಯಲ್ಲಿ, ಚಂದ್ರಿಕೆಯ ಸಂದಿಯಲ್ಲಿ, ಕೈಯಲ್ಲಿ, ಧೂಳಲ್ಲಿ ಕೂತಿರುತ್ತೆ. ಹರಳಿನ ಒಳಗೆ ವೈರಸ್ ತುಂಬಾ ಕಾಲ ಜೀವಂತವಾಗಿರುತ್ತೆ. ಮೊಟ್ಟೆ ಎಷ್ಟು ಶುದ್ಧ ಇದ್ರೂ ಹುಳು ಮನೆ ಶುದ್ಧ ಇಲ್ಲದಿದ್ರೆ ರೋಗ ಬಂತು.

ಬಂದ ಮೇಲೆ ಕೊಡೋ ಮಾತ್ರೆ, ಇಂಜೆಕ್ಷನ್ ಇಲ್ಲ. ಯಾಕಿಲ್ಲ ಅಂತ ತಿಳಿಯೋಕೆ ಹುಳುವಿನ ಜೀವಕೋಶದ ಒಳಗೆ ಹೋಗಬೇಕು.

ಭಾಗ 4/9: ಚೆಕ್ ಮೇಲೆ ಎರಡು ಗೆರೆ

ಬಿಕಾಂ ಹುಡುಗ್ರು ಹುಡುಗೀರಿಗೆ ಇದು ಸುಲಭ. ಒಂದು ಚೆಕ್ ಬರೆದಿದೀರ. ಹೆಸರು, ಮೊತ್ತ, ಸಹಿ ಎಲ್ಲಾ ಇದೆ. ಎಡ ಮೂಲೆಯಲ್ಲಿ ಎರಡು ಅಡ್ಡ ಗೆರೆ ಎಳೆದು 'ಅಕೌಂಟ್ ಪೇಯೀ' ಅಂತ ಬರೆದ್ರಿ. ಕಾಗದ ಅದೇ, ಮೊತ್ತ ಅದೇ. ಆದ್ರೆ ಇನ್ನು ಅದಕ್ಕೆ ಕೌಂಟರ್‌ನಲ್ಲಿ ನಗದು ಸಿಗಲ್ಲ, ಖಾತೆಗೇ ಹೋಗಬೇಕು. 'ರದ್ದು' ಅಂತ ಮುದ್ರೆ ಒತ್ತಿದ್ರೆ ಅದೇ ಚೆಕ್ ಕಸ.

ನಮ್ಮ ಮೈಯ ಪ್ರೋಟೀನ್‌ಗಳೂ ಹಾಗೆ. ಜೀನ್ ಹೇಳಿದ ಹಾಗೆ ಪ್ರೋಟೀನ್ ತಯಾರಾದ ಮೇಲೂ ಅದರ ಮೇಲೆ ಮುದ್ರೆ ಬೀಳ್ತಾ ಇರುತ್ತೆ. ಮುಖ್ಯವಾದವು ನಾಲ್ಕು:

• ಫಾಸ್ಫೇಟ್ ಅಂಟಿಸೋದು. ಸ್ವಿಚ್ ಆನ್ ಅಥವಾ ಆಫ್.
• ಯುಬಿಕ್ವಿಟಿನ್ ಅಂಟಿಸೋದು. ಇದೇ ಒಂದು ಚಿಕ್ಕ ಪ್ರೋಟೀನ್, 76 ಮಣಿಗಳ ಸರ.
• ಸಕ್ಕರೆ ಸರಪಳಿ ಅಂಟಿಸೋದು.
• ಒಂದು ಕಡೆ ಕತ್ತರಿಸೋದು. ಪಿನ್ ಕಿತ್ತ ಮೇಲೆ ಮಾತ್ರ ಕೆಲಸ ಮಾಡೋ ಯಂತ್ರದ ಹಾಗೆ.

ಫಾಸ್ಫೇಟ್ ಮುದ್ರೆಯ ಕಥೆ 1955ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಎಡ್ಮಂಡ್ ಫಿಶರ್, ಎಡ್ವಿನ್ ಕ್ರೆಬ್ಸ್ ಅವರಿಂದ ಶುರುವಾಯ್ತು. ಸ್ನಾಯುವಿನ ಒಂದು ಕಿಣ್ವ ಹೇಗೆ ಎಚ್ಚರ ಆಗುತ್ತೆ ಅಂತ ನೋಡ್ತಿದ್ದರು. 1992ರಲ್ಲಿ ನೊಬೆಲ್ ಬಂತು. ಯುಬಿಕ್ವಿಟಿನ್ ಪತ್ತೆಯಾಗಿದ್ದು 1975ರಲ್ಲಿ. ಎಲ್ಲಾ ಕಡೆ ಸಿಗುತ್ತೆ ಅಂತ ಆ ಹೆಸರು. ಬೇಡದ ಪ್ರೋಟೀನ್ ಮೇಲೆ ಅದರ ಸರಪಳಿ ಅಂಟಿಸಿದ್ರೆ ಜೀವಕೋಶ ಅದನ್ನ ಚೂರು ಚೂರು ಮಾಡುತ್ತೆ ಅಂತ ಬಿಡಿಸಿ ತೋರಿಸಿದ ಚೀಹನೊವರ್, ಹೆರ್ಷ್ಕೊ, ರೋಸ್ ಮೂವರಿಗೆ 2004ರಲ್ಲಿ ನೊಬೆಲ್.

ಇಲ್ಲಿ ಒಂದು ಸೂಕ್ಷ್ಮ ಇದೆ. ಯುಬಿಕ್ವಿಟಿನ್ ಸರಪಳಿಯನ್ನ 48ನೇ ಮಣಿಯಲ್ಲಿ ಕೊಂಡಿ ಹಾಕಿ ಬೆಳೆಸಿದ್ರೆ 'ಇದನ್ನ ನಾಶ ಮಾಡಿ' ಅಂತ ಅರ್ಥ. 63ನೇ ಮಣಿಯಲ್ಲಿ ಕೊಂಡಿ ಹಾಕಿದ್ರೆ 'ಎಲ್ಲರೂ ಇಲ್ಲಿ ಸೇರಿ, ಸುದ್ದಿ ಮುಟ್ಟಿಸಿ' ಅಂತ ಅರ್ಥ.

ವೈರಸ್ ಬಂದಾಗ ಈ ಮುದ್ರೆಗಳೇ ಯಾಕೆ ಮುಖ್ಯ? ಟೈಮ್ ಇಲ್ಲ, ಅದಕ್ಕೆ. ಹೊಸ ಪ್ರೋಟೀನ್ ತಯಾರಿಸಿ ಸಾಕಷ್ಟು ಕೂಡಿಹಾಕೋಕೆ ಹೊತ್ತು ಬೇಕು. ಇರೋದರ ಮೇಲೆ ಮುದ್ರೆ ಒತ್ತೋಕೆ ಕ್ಷಣ ಸಾಕು. ಕೆಲಸ ಮುಗಿದ ಮೇಲೆ ಮುದ್ರೆ ಅಳಿಸಿ ಮೊದಲಿನ ಹಾಗೆ ಇಡಬಹುದು.

ಭಾಗ 5/9: ಹುಳುವಿನ ಕಾವಲುಗಾರರು

ರೇಷ್ಮೆ ಹುಳುವಿಗೆ ನಮ್ಮ ಹಾಗೆ ಆಂಟಿಬಾಡಿ ಇಲ್ಲ. ಹಾಗಾಗಿ ಲಸಿಕೆ ಹಾಕಿ ನೆನಪು ಉಳಿಸೋ ದಾರಿ ಅದಕ್ಕಿಲ್ಲ. ಹಾಗಂತ ಅದು ಬರಿಗೈಯಲ್ಲಿ ಇಲ್ಲ.

ಒಂದು, ಕತ್ತರಿಸೋ ಮುದ್ರೆ. ಹುಳುವಿನ ರಸವನ್ನ ಗಾಳಿಗೆ ಬಿಟ್ರೆ ಸ್ವಲ್ಪ ಹೊತ್ತಲ್ಲಿ ಕಪ್ಪಾಗುತ್ತೆ. ಹುಳು ಸಾಕಿದವರು ನೋಡಿರ್ತಾರೆ. ಅದಕ್ಕೆ ಕಾರಣ ಫಿನಾಲ್ ಆಕ್ಸಿಡೇಸ್ ಅನ್ನೋ ಕಿಣ್ವ. ಅದು ಯಾವಾಗಲೂ ರಸದಲ್ಲಿ ಇರುತ್ತೆ, ಆದ್ರೆ ಪಿನ್ ಹಾಕಿದ ಸ್ಥಿತಿಯಲ್ಲಿ. ಗಾಯ ಆದಾಗ, ಬ್ಯಾಕ್ಟೀರಿಯ ಅಥವಾ ಬೂಸಿನ ವಾಸನೆ ಸಿಕ್ಕಾಗ, ಒಂದು ಕತ್ತರಿ ಇನ್ನೊಂದು ಕತ್ತರಿಯನ್ನ ಎಬ್ಬಿಸಿ, ಅದು ಮತ್ತೊಂದನ್ನ ಎಬ್ಬಿಸಿ, ಕೊನೆಗೆ ಈ ಕಿಣ್ವದ ಪಿನ್ ಕೀಳುತ್ತೆ. ಆಮೇಲೆ ಕಪ್ಪು ಬಣ್ಣದ ಮೆಲನಿನ್, ಜೊತೆಗೆ ಶತ್ರುವಿಗೆ ವಿಷ ಆಗೋ ವಸ್ತುಗಳು. ಈ ವ್ಯವಸ್ಥೆಯನ್ನ ಪ್ರಪಂಚ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರಲ್ಲಿ ಜಪಾನಿನ ಮಸಾಕಿ ಅಶಿದಾ ಅವರ ಕೆಲಸ ದೊಡ್ಡದು. ಅವರು ಕೆಲಸ ಮಾಡಿದ್ದು ರೇಷ್ಮೆ ಹುಳುವಿನ ಮೇಲೆಯೇ.

ಎರಡು, ಜೀವಕೋಶದ ಒಳಗಿನ ಗಂಟೆ. ಮನುಷ್ಯರಲ್ಲಿ ಸ್ಟಿಂಗ್ ಅನ್ನೋ ಪ್ರೋಟೀನ್ ಇದೆ. ಡಿಎನ್‌ಎ ಇರಬಾರದ ಜಾಗದಲ್ಲಿ ಡಿಎನ್‌ಎ ಕಂಡಾಗ ಅದು ಎಚ್ಚರಿಕೆ ಕೊಡುತ್ತೆ. 2018ರಲ್ಲಿ ಚೀನಾದ ಸಂಶೋಧಕರು ಎನ್‌ಪಿವಿ ತಗುಲಿದ ರೇಷ್ಮೆ ಹುಳುವಿನ ಕೋಶದಲ್ಲೂ ಸ್ಟಿಂಗ್ ಕೆಲಸ ಮಾಡುತ್ತೆ ಅಂತ ತೋರಿಸಿದರು. ಅಲ್ಲಿ ಅದು ಡ್ರೆಡ್ ಅನ್ನೋ ಕತ್ತರಿ ಪ್ರೋಟೀನನ್ನ ಬಳಸಿಕೊಳ್ಳುತ್ತೆ. ಡ್ರೆಡ್ ಹೋಗಿ ರೆಲಿಶ್ ಅನ್ನೋ ಪ್ರೋಟೀನನ್ನ ಕತ್ತರಿಸುತ್ತೆ. ಕತ್ತರಿಸಿದ ತುಂಡು ನ್ಯೂಕ್ಲಿಯಸ್ ಒಳಗೆ ಹೋಗಿ ರಕ್ಷಣೆಯ ಜೀನ್‌ಗಳನ್ನ ಆನ್ ಮಾಡುತ್ತೆ.

ಮೂರು, ಆತ್ಮಹತ್ಯೆ. ವೈರಸ್ ಹೊಕ್ಕ ಕೋಶ ತನ್ನನ್ನೇ ಕೊಂದುಕೊಂಡ್ರೆ ಒಳಗಿರೋ ವೈರಸ್‌ಗೆ ಮರಿ ಹಾಕೋ ಜಾಗ ಇಲ್ಲ. ಈ ಕೆಲಸಕ್ಕೂ ಕತ್ತರಿ ಪ್ರೋಟೀನ್‌ಗಳೇ ಬೇಕು. ಅವಕ್ಕೆ ಕ್ಯಾಸ್ಪೇಸ್ ಅಂತ ಹೆಸರು.

ಗಮನಿಸಿದ್ರಾ? ಮೂರರಲ್ಲೂ ಹೊಸ ಸೈನ್ಯ ತಯಾರಿಸೋಕೆ ಮೊದಲು, ಇರೋ ಪ್ರೋಟೀನ್‌ಗಳ ರೂಪ ಬದಲಿಸ್ತಾರೆ. ವೈರಸ್‌ಗೂ ಇದು ಗೊತ್ತಾಗಿದೆ.

ಭಾಗ 6/9: ಕದ್ದ ಮುದ್ರೆ

ಮಾರ್ಕೆಟ್‌ನಲ್ಲಿ ಕಳ್ಳ ಗೇಟ್ ಒಡೆದುಕೊಂಡು ಬಂದ್ರೆ ಸಿಕ್ಕಿಬೀಳ್ತಾನೆ. ಆಫೀಸಿನ ಮುದ್ರೆಯನ್ನೇ ಕದ್ದವನು ನಗುನಗುತ್ತಾ ಎದುರಿಂದಲೇ ಹೋಗ್ತಾನೆ. ಎನ್‌ಪಿವಿ ಎರಡನೇ ಜಾತಿ.

ಇದರ ಹತ್ತಿರದ ನೆಂಟ ಎಸಿಎಂಎನ್‌ಪಿವಿ ಅನ್ನೋ ಇನ್ನೊಂದು ಹುಳುವಿನ ವೈರಸ್. 1990ರಲ್ಲಿ ಅದರ ಜೀನ್‌ಗಳ ನಡುವೆ ಲಿಂಡಾ ಗ್ವಾರಿನೊ ಅವರಿಗೆ ಯುಬಿಕ್ವಿಟಿನ್ ಜೀನ್ ಸಿಕ್ಕಿತು. ವೈರಸ್‌ನ ಹತ್ತಿರ ಯುಬಿಕ್ವಿಟಿನ್! ಅದು ಪ್ರಾಣಿಗಳ ಆಸ್ತಿ. ಯಾವುದೋ ಕಾಲದಲ್ಲಿ ಯಾವುದೋ ಹುಳುವಿನಿಂದ ಎತ್ತಿಕೊಂಡು ಬಂದಿದ್ದು. ರೇಷ್ಮೆ ಹುಳುವಿನ ಎನ್‌ಪಿವಿಯಲ್ಲೂ ಅದು ಇದೆ. ಅಷ್ಟೇ ಅಲ್ಲ, ಯುಬಿಕ್ವಿಟಿನ್ ಅನ್ನ ಬೇರೆ ಪ್ರೋಟೀನ್‌ಗಳಿಗೆ ಅಂಟಿಸೋ ಕೆಲಸಗಾರ ಪ್ರೋಟೀನ್‌ಗಳೂ ಈ ವೈರಸ್ ಹತ್ತಿರ ಹಲವು ಇವೆ ಅಂತ ಜಪಾನಿನ ತಂಡ 2003ರಲ್ಲಿ ತೋರಿಸಿತು. ಹುಳುವಿನ ಕೋಶದಲ್ಲಿ ಈ ಅಂಟಿಸಿ ನಾಶ ಮಾಡೋ ವ್ಯವಸ್ಥೆಯನ್ನ ಔಷಧಿ ಹಾಕಿ ನಿಲ್ಲಿಸಿದ್ರೆ ವೈರಸ್ ಬೆಳವಣಿಗೆಯೇ ಕುಂಟುತ್ತೆ. ಅಂದ್ರೆ ಮನೆಯವರ ಕಸದ ಬುಟ್ಟಿಯನ್ನೇ ನಂಬಿ ಕಳ್ಳ ಬದುಕ್ತಿದಾನೆ.

ಇನ್ನು ಆತ್ಮಹತ್ಯೆಯ ಕತ್ತರಿ. 1991ರಲ್ಲಿ ಲೋಯಿಸ್ ಮಿಲ್ಲರ್ ಅವರ ಲ್ಯಾಬ್‌ನಲ್ಲಿ ಪಿ35 ಅನ್ನೋ ವೈರಸ್ ಪ್ರೋಟೀನ್ ಪತ್ತೆಯಾಯ್ತು. ಕ್ಯಾಸ್ಪೇಸ್ ಬಂದು ಪಿ35ನ್ನ ಕತ್ತರಿಸುತ್ತೆ, ಕತ್ತರಿಸಿದ ಕೂಡಲೇ ಅದರಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಅಂಟಿಗೆ ಇಲಿ ಸಿಕ್ಕ ಹಾಗೆ. ಕೋಶ ಸಾಯಬೇಕು ಅಂದ್ರೂ ಸಾಯೋಕೆ ಆಗಲ್ಲ. ನಮ್ಮ ಎನ್‌ಪಿವಿಯಲ್ಲೂ ಪಿ35 ಇದೆ.

ಈಗ ಭಾಗ 1ರ ಪ್ರಶ್ನೆಗೆ ಬರೋಣ: ಕಾಯಿಲೆ ಬಂದ ಹುಳು ಯಾಕೆ ಓಡಾಡುತ್ತೆ? ಸುಸ್ತಾಗಿ ಬಿದ್ದಿರಬೇಕಲ್ವಾ? 2005ರಲ್ಲಿ ಕಮಿತಾ ಮತ್ತು ಜೊತೆಯವರು ಎನ್‌ಪಿವಿಯಿಂದ ಪಿಟಿಪಿ ಅನ್ನೋ ಒಂದೇ ಒಂದು ಜೀನ್ ತೆಗೆದು ನೋಡಿದರು. ಹುಳುವಿಗೆ ರೋಗ ಬಂತು, ಆದ್ರೆ ಆ ಓಡಾಟ ಬರಲಿಲ್ಲ. ಪಿಟಿಪಿ ಅಂದ್ರೆ ಫಾಸ್ಫೇಟ್ ಮುದ್ರೆ ಅಳಿಸೋ ಕಿಣ್ವ. ಇದೂ ಹುಳುಗಳಿಂದಲೇ ಕದ್ದಿದ್ದು. ಓಡಾಡಿದ ಹುಳು ದೂರ ಹೋಗಿ ಒಡೆಯುತ್ತೆ, ವೈರಸ್ ಹೆಚ್ಚು ಸೊಪ್ಪಿಗೆ ಹರಡುತ್ತೆ.

ಕಥೆ ಇಲ್ಲಿಗೇ ಮುಗಿದಿದ್ರೆ ನೀಟಾಗಿರ್ತಿತ್ತು. ಆದ್ರೆ 2012ರಲ್ಲಿ ಕತ್ಸುಮಾ ಅವರ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು. ಪಿಟಿಪಿಯ ಅಳಿಸೋ ಶಕ್ತಿಯನ್ನ ಮಾತ್ರ ಕೆಡಿಸಿ, ಪ್ರೋಟೀನನ್ನ ಹಾಗೇ ಬಿಟ್ಟರು. ಹುಳು ಆಗಲೂ ಓಡಾಡಿತು! ಈ ವೈರಸ್ ಅದನ್ನ ಅಳಿಸೋ ರಬ್ಬರಾಗಿ ಬಳಸ್ತಿಲ್ಲ, ತನ್ನ ಮೈ ಕಟ್ಟೋ ಇಟ್ಟಿಗೆಯಾಗಿ ಬಳಸ್ತಿದೆ, ಅದರಿಂದ ಹುಳುವಿನ ಮೆದುಳಿಗೆ ಸೋಂಕು ಚೆನ್ನಾಗಿ ತಲುಪುತ್ತೆ ಅನ್ನೋದು ಅವರ ತೀರ್ಮಾನ. ಅದೇ ವರ್ಷ ನೆಂಟ ವೈರಸ್ ಎಸಿಎಂಎನ್‌ಪಿವಿ ಮೇಲೆ ಬೇರೆಯವರು ಮಾಡಿದ ಪ್ರಯೋಗದಲ್ಲಿ ಅಳಿಸೋ ಶಕ್ತಿಯೇ ಬೇಕಾಯ್ತು. ಕದ್ದ ಮಾಲು ಒಂದೇ, ಒಬ್ಬೊಬ್ಬ ಕಳ್ಳ ಒಂದೊಂದಕ್ಕೆ ಬಳಸಿಕೊಂಡ.

ಭಾಗ 7/9: ಇದೇ ಆಟ ನಮ್ಮ ಮೈಯಲ್ಲಿ

ಇದು ಹುಳುವಿನ ವಿಷಯ, ನಮಗೇನು ಅನ್ನಬೇಡಿ. ನಿಮಗೆ ಫ್ಲೂ ಬಂದಾಗ ಒಳಗೆ ಏನಾಗುತ್ತೆ ನೋಡಿ.

ಕೋಶದೊಳಗೆ ವೈರಸ್‌ನ ಆರ್‌ಎನ್‌ಎ ಕಂಡ್ರೆ ರಿಗ್-ಐ ಅನ್ನೋ ಪ್ರೋಟೀನ್ ಅದನ್ನ ಹಿಡಿಯುತ್ತೆ. ಹಿಡಿದ್ರೆ ಸಾಲದು. ಟ್ರಿಮ್25 ಅನ್ನೋ ಕೆಲಸಗಾರ ಬಂದು ಅದರ ಮೇಲೆ ಯುಬಿಕ್ವಿಟಿನ್ ಸರಪಳಿ ಅಂಟಿಸಬೇಕು. 63ನೇ ಕೊಂಡಿಯದು, 'ಸುದ್ದಿ ಮುಟ್ಟಿಸಿ' ಅನ್ನೋದು. ಇದು ಗೊತ್ತಾಗಿದ್ದು 2007ರಲ್ಲಿ. ಆ ಸುದ್ದಿ ಮುಂದೆ ಹೋಗಿ ಟಿಬಿಕೆ1 ಅನ್ನೋ ಕಿಣ್ವವನ್ನ ಎಬ್ಬಿಸುತ್ತೆ. ಅದು ಐಆರ್‌ಎಫ್3 ಅನ್ನೋ ಪ್ರೋಟೀನ್ ಮೇಲೆ ಫಾಸ್ಫೇಟ್ ಒತ್ತುತ್ತೆ. ಅಲ್ಲಿವರೆಗೆ ಸುಮ್ಮನೆ ಕೂತಿದ್ದ ಐಆರ್‌ಎಫ್3 ಈಗ ಜೋಡಿಯಾಗಿ ನ್ಯೂಕ್ಲಿಯಸ್‌ಗೆ ಓಡುತ್ತೆ, ಇಂಟರ್‌ಫೆರಾನ್ ಜೀನ್ ಆನ್ ಮಾಡುತ್ತೆ. ಇಂಟರ್‌ಫೆರಾನ್ ಹೊರಗೆ ಹೋಗಿ ಅಕ್ಕಪಕ್ಕದ ಕೋಶಗಳಿಗೆ 'ಬಾಗಿಲು ಹಾಕಿಕೊಳ್ಳಿ' ಅಂತ ಹೇಳುತ್ತೆ.

ಫ್ಲೂ ವೈರಸ್ ಏನು ಮಾಡುತ್ತೆ? ಅದರ ಎನ್‌ಎಸ್1 ಪ್ರೋಟೀನ್ ಹೋಗಿ ಟ್ರಿಮ್25 ಕೈಯನ್ನೇ ಹಿಡಿದುಕೊಳ್ಳುತ್ತೆ. ಮುದ್ರೆ ಬೀಳಲ್ಲ, ಸುದ್ದಿ ಹೋಗಲ್ಲ. ಕೊರೊನಾ ಇನ್ನೂ ಚುರುಕು. ಯುಬಿಕ್ವಿಟಿನ್‌ನ ತಮ್ಮನಂಥ ಐಎಸ್‌ಜಿ15 ಅನ್ನೋ ಇನ್ನೊಂದು ಮುದ್ರೆ ಇದೆ. ಅದನ್ನ ಕೊರೊನಾದ ಪಿಎಲ್‌ಪ್ರೊ ಅನ್ನೋ ಕಿಣ್ವ ಕಿತ್ತು ಹಾಕುತ್ತೆ ಅಂತ 2020ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ತಂಡ ತೋರಿಸಿತು. ಆ ಕಿಣ್ವವನ್ನ ನಿಲ್ಲಿಸಿದ್ರೆ ಲ್ಯಾಬ್‌ನಲ್ಲಿ ಕೋಶದ ರಕ್ಷಣೆ ಮತ್ತೆ ಚಿಗುರಿತು.

ಇನ್ನೊಂದು ಮಾತು. ಮುದ್ರೆ ಒತ್ತೋದು ಎಷ್ಟು ಮುಖ್ಯವೋ ಟೈಮಿಗೆ ಅಳಿಸೋದೂ ಅಷ್ಟೇ ಮುಖ್ಯ. ಅದಕ್ಕೆ ಮೈಯಲ್ಲಿ ಬೇರೆ ಕಿಣ್ವಗಳಿವೆ. ಅವು ಕೆಲಸ ಮಾಡದಿದ್ರೆ ವೈರಸ್ ಹೋದ ಮೇಲೂ ಗಂಟೆ ಬಾರಿಸ್ತಾನೇ ಇರುತ್ತೆ, ನಮ್ಮ ಅಂಗಾಂಗಕ್ಕೇ ಏಟು ಬೀಳುತ್ತೆ.

ಭಾಗ 8/9: ಹುಳು ಪ್ರಪಂಚಕ್ಕೆ ಕೊಟ್ಟಿದ್ದು

ಈಗ ಜಮಾ-ಖರ್ಚು ಬರೆಯೋಣ.

ಇಂಟರ್‌ಫೆರಾನ್ ಅನ್ನೋ ಹೆಸರು ಬಂದಿದ್ದು 1957ರಲ್ಲಿ, ಲಂಡನ್ನಿನ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಅವರಿಂದ. ಅದನ್ನ ಔಷಧಿಯಾಗಿ ಬಳಸಬೇಕು ಅಂದ್ರೆ ಬೇಕಾದಷ್ಟು ಸಿಗ್ತಿರಲಿಲ್ಲ. 1985ರಲ್ಲಿ ಜಪಾನಿನ ಸುಸುಮು ಮಾಯೆಡಾ ಮತ್ತು ಜೊತೆಯವರು ನೇಚರ್ ಪತ್ರಿಕೆಯಲ್ಲಿ ಒಂದು ಕೆಲಸ ಪ್ರಕಟಿಸಿದರು. ಹಾಲು ತೊಂಡೆ ತರೋ ಅದೇ ಎನ್‌ಪಿವಿಯಲ್ಲಿ, ಹರಳು ತಯಾರಿಸೋ ಜೀನ್ ಇರೋ ಜಾಗಕ್ಕೆ ಮನುಷ್ಯನ ಇಂಟರ್‌ಫೆರಾನ್ ಜೀನ್ ಕೂರಿಸಿದರು. ಆ ವೈರಸ್ಸನ್ನ ರೇಷ್ಮೆ ಹುಳುವಿಗೆ ಚುಚ್ಚಿದರು. ಹುಳುವಿನ ರಸದ ತುಂಬಾ ಇಂಟರ್‌ಫೆರಾನ್! ವೈರಸ್ ವಿರುದ್ಧ ಹೋರಾಡೋ ಪ್ರೋಟೀನನ್ನ ವೈರಸ್ ಕೈಯಲ್ಲೇ ಮಾಡಿಸಿದ್ದು. ಇದೇ ದಾರಿಯಲ್ಲಿ ಬೆಕ್ಕುಗಳಿಗೆ ಕೊಡೋ ಇಂಟರ್‌ಫೆರಾನ್ ಔಷಧಿ ಜಪಾನಿನ ಮಾರುಕಟ್ಟೆಗೂ ಬಂತು.

ಪಿ35 ಸಿಕ್ಕ ಲ್ಯಾಬ್‌ನಲ್ಲೇ 1993ರಲ್ಲಿ, ಇನ್ನೊಂದು ಹುಳುವಿನ ವೈರಸ್‌ನಿಂದ ಐಎಪಿ ಅನ್ನೋ ಪ್ರೋಟೀನ್ ಸಿಕ್ಕಿತು. ಆಮೇಲೆ ಹುಡುಕಿದ್ರೆ ಅದೇ ಕುಟುಂಬದವು ಮನುಷ್ಯರಲ್ಲೂ ಇವೆ, ಕ್ಯಾನ್ಸರ್ ಕೋಶಗಳು ಸಾಯದೆ ಉಳಿಯೋಕೆ ಅವೂ ಒಂದು ಕಾರಣ ಅಂತ ಗೊತ್ತಾಯ್ತು.

ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾ? ಗೌರಿಬಿದನೂರು ಕಡೆ ಮುಸುಕಿನ ಜೋಳ ಹಾಕೋರಿಗೆ ಸೈನಿಕ ಹುಳು ಅಂದ್ರೆ ಹೊಟ್ಟೆ ಉರಿಯುತ್ತೆ. ಅಮೆರಿಕ ಖಂಡದ ಈ ಹುಳು ಭಾರತದಲ್ಲಿ ಮೊದಲು ಕಂಡಿದ್ದು ಕರ್ನಾಟಕದಲ್ಲೇ, 2018ರಲ್ಲಿ. ಆ ಜುಲೈನಲ್ಲಿ ಬೆಂಗಳೂರಿನ ಎನ್‌ಬಿಎಐಆರ್ ಸಂಸ್ಥೆಯವರು ಸರ್ವೆ ಮಾಡಿದಾಗ ಚಿಕ್ಕಬಳ್ಳಾಪುರದ ಒಂದು ಜೋಳದ ಹೊಲದಲ್ಲಿ 70%ಕ್ಕಿಂತ ಹೆಚ್ಚು ಹಾವಳಿ ದಾಖಲಾಯ್ತು. ಇದೇ ಜಾತಿಯ ಹುಳುವಿನ ಅಂಡಾಶಯದಿಂದ 1970ರ ದಶಕದಲ್ಲಿ ಅಮೆರಿಕದಲ್ಲಿ ತೆಗೆದು ಬೆಳೆಸಿದ ಕೋಶಗಳ ಒಂದು ವಂಶಕ್ಕೆ ಎಸ್‌ಎಫ್9 ಅಂತ ಹೆಸರು. ಎನ್‌ಪಿವಿ ಜಾತಿಯ ವೈರಸ್ ಬಳಸಿ, ಎಸ್‌ಎಫ್9 ಕೋಶಗಳಲ್ಲಿ ಕೊರೊನಾದ ಮುಳ್ಳು ಪ್ರೋಟೀನ್ ತಯಾರಿಸಿ ಮಾಡಿದ ಲಸಿಕೆ ನೋವಾವ್ಯಾಕ್ಸ್. ಪುಣೆಯ ಸೀರಮ್ ಸಂಸ್ಥೆ ಅದನ್ನ ಕೋವೊವ್ಯಾಕ್ಸ್ ಹೆಸರಲ್ಲಿ ಮಾಡಿತು. 2021ರ ಡಿಸೆಂಬರ್‌ನಲ್ಲಿ ಭಾರತದಲ್ಲಿ ಅನುಮತಿ ಸಿಕ್ಕಿತು.

ಬ್ಯಾಕ್ಟೀರಿಯದಲ್ಲಿ ಮಾಡಿದ್ರೆ ಸುಲಭ ಅಲ್ವಾ, ಹುಳುವಿನ ಕೋಶವೇ ಯಾಕೆ? ಮತ್ತೆ ಮುದ್ರೆಯ ವಿಷಯವೇ. ಮುಳ್ಳು ಪ್ರೋಟೀನ್ ಮೇಲೆ ಸಕ್ಕರೆ ಸರಪಳಿಗಳಿರಬೇಕು, ಇಲ್ಲದಿದ್ರೆ ಅದು ಸರಿಯಾಗಿ ಮಡಚಿಕೊಳ್ಳಲ್ಲ. ಲ್ಯಾಬಿನ ಮಾಮೂಲಿ ಬ್ಯಾಕ್ಟೀರಿಯಕ್ಕೆ ಆ ಸಕ್ಕರೆ ಹಾಕೋಕೆ ಬರಲ್ಲ. ಹುಳುವಿನ ಕೋಶ ಹಾಕುತ್ತೆ. ನಮ್ಮಷ್ಟು ಉದ್ದದ ಸರಪಳಿ ಅಲ್ಲ, ಸ್ವಲ್ಪ ಚಿಕ್ಕದು, ಆದ್ರೂ ಕೆಲಸಕ್ಕೆ ಸಾಕು.

ಭಾಗ 9/9: ಲೆಕ್ಕ ಟ್ಯಾಲಿ ಆಗಿಲ್ಲ

ಒಂದು ಕಡೆ ಇಂಟರ್‌ಫೆರಾನ್, ಲಸಿಕೆ, ಕೋಶದ ಸಾವಿನ ವಿಜ್ಞಾನ. ಇನ್ನೊಂದು ಕಡೆ, ಬೆಳೆ ಹೋದ ದಿನ ಹುಳುವನ್ನೆಲ್ಲಾ ಗುಂಡಿಗೆ ಹಾಕಿ ಸುಣ್ಣ ಸುರಿಯೋ ಮನೆ. ಎರಡನೇ ಕಡೆಗೆ ಏನು ಬಂದಿದೆ?

ಏನೂ ಬಂದಿಲ್ಲ ಅಂದ್ರೆ ಸುಳ್ಳಾಗುತ್ತೆ. ಗೌರಿಬಿದನೂರಿಂದ ರೈಲು ಹತ್ತಿದ್ರೆ ಸ್ವಲ್ಪ ಹೊತ್ತಲ್ಲಿ ಸಿಗೋ ಊರು ಹಿಂದೂಪುರ. ಅಲ್ಲಿನ ಕಿರಿಕೆರೆಯ ರೇಷ್ಮೆ ಸಂಶೋಧನಾ ಸಂಸ್ಥೆ, ಹೈದರಾಬಾದಿನ ಸಿಡಿಎಫ್‌ಡಿಯ ಜೆ. ನಾಗರಾಜು ಅವರ ತಂಡ, ಫ್ರಾನ್ಸಿನ ವಿಜ್ಞಾನಿಗಳು ಸೇರಿ ಎನ್‌ಪಿವಿಗೆ ಬಗ್ಗದ ಹುಳು ಮಾಡಿದರು. 2013ರಲ್ಲಿ ಜೆನೆಟಿಕ್ಸ್ ಪತ್ರಿಕೆಯಲ್ಲಿ ಬಂತು. ಅವರು ಮುದ್ರೆಯ ಜಗಳಕ್ಕೇ ಹೋಗಲಿಲ್ಲ. ವೈರಸ್‌ಗೆ ಬದುಕೋಕೆ ಬೇಕೇ ಬೇಕಾದ ಹಲವು ಜೀನ್‌ಗಳ ಸಂದೇಶವನ್ನ ಹುಳುವಿನ ಕೋಶವೇ ಮೊದಲಿಗೇ ಅಳಿಸಿ ಹಾಕೋ ಹಾಗೆ ಹುಳುವಿನ ಜೀನ್ ಬದಲಿಸಿದರು. ಪ್ರೋಟೀನ್ ತಯಾರಾದ್ರೆ ತಾನೇ ಮುದ್ರೆ ಕದಿಯೋದು! ಆದ್ರೆ ಜೀನ್ ಬದಲಿಸಿದ ಜೀವಿ ಅಂದ್ರೆ ಲ್ಯಾಬಿಂದ ನೇರ ಹುಳು ಮನೆಗೆ ಬರೋ ಹಾಗಿಲ್ಲ, ಜೈವಿಕ ಸುರಕ್ಷತೆಯ ಅನುಮತಿಗಳ ಸಾಲನ್ನೇ ದಾಟಬೇಕು.

ಮೈಸೂರಿನ ಸಂಸ್ಥೆ ಕೊಟ್ಟ ವಿಜೇತ, ಅಂಕುಶ್ ಥರದ ಹಾಸಿಗೆ ಪುಡಿಗಳು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅವು ಹುಳುವಿನ ಒಳಗಿರೋ ವೈರಸ್ಸನ್ನ ಕೊಲ್ಲಲ್ಲ, ಹುಳುವಿಂದ ಹುಳುವಿಗೆ ಹರಡೋದನ್ನ ತಡೀತವೆ. ಒಳಗೆ ಹೋದ ಮೇಲೆ ಯಾಕೆ ಏನೂ ಮಾಡೋಕೆ ಆಗಲ್ಲ ಅನ್ನೋದು ಈಗ ನಿಮಗೆ ಗೊತ್ತು: ವೈರಸ್ ಬಳಸ್ತಿರೋದು ಹುಳುವಿನದೇ ಮುದ್ರೆಗಳನ್ನ. ವೈರಸ್ಸನ್ನ ಹೊಡೆಯೋಕೆ ಯುಬಿಕ್ವಿಟಿನ್ ವ್ಯವಸ್ಥೆಯನ್ನೇ ನಿಲ್ಲಿಸಿದ್ರೆ ಹುಳುವೂ ಬದುಕಲ್ಲ. ಲಸಿಕೆ ಹಾಕೋಣ ಅಂದ್ರೆ ಆಂಟಿಬಾಡಿ ಇಲ್ಲ.

ಹಾಗಾಗಿ ಮನೆಯಲ್ಲಿ ಅಜ್ಜಿ 'ಕೈ ತೊಳಕೊಂಡು ಒಳಗೆ ಬಾ, ಚಪ್ಪಲಿ ಆಚೆ ಬಿಡು' ಅಂತ ಬೈದ್ರೆ ಅದು ಹಳೇ ಕಾಲದ ಮಡಿ ಅಂತ ನಗಬೇಡಿ. ಹರಳು ಹೊಟ್ಟೆಗೆ ಹೋಗೋಕೆ ಮೊದಲು ಮಾತ್ರ ನಾವು ಗೆಲ್ಲೋಕೆ ಸಾಧ್ಯ. ಬೆಳೆ ಬೆಳೆಗೂ ನಡುವೆ ಬ್ಲೀಚಿಂಗ್ ಪೌಡರ್ ಮತ್ತು ಸುಣ್ಣದ ನೀರಲ್ಲಿ ಮನೆ, ತಟ್ಟೆ, ಚಂದ್ರಿಕೆ ತೊಳೆಯೋದು. ಊದಿದ ಹುಳು ಕಂಡ ಕೂಡಲೇ ಒಡೆಯೋಕೆ ಮೊದಲೇ ಎತ್ತಿ ಸುಣ್ಣದ ನೀರಿನ ಬಕೆಟ್‌ಗೆ ಹಾಕೋದು, ತಟ್ಟೆಯಿಂದ ಕೆಳಗೆ ಬಿಸಾಡದಿರೋದು. ಪಕ್ಕದವರ ಮನೆಗೆ ಹೋಗಿ ಬಂದ್ರೆ ನೇರ ಒಳಗೆ ಹೋಗದಿರೋದು. ಒಂದು ಮನೆ ತೊಳೆದು ಪಕ್ಕದ ಮನೆ ತೊಳೆಯದಿದ್ರೆ ಧೂಳು ಕೇಳುತ್ತಾ?

ಈ ಖರ್ಚು ಬೆಳೆ ಶುರುವಾಗೋಕೆ ಮುಂಚೆ ಮಾಡೋದು, ಆಗ ಅದು ಚಿಕ್ಕದು. ನಾಲ್ಕನೇ ಜ್ವರ ಎದ್ದ ಮೇಲೆ ಎಷ್ಟು ಸುರಿದ್ರೂ ವಾಪಸ್ ಬರಲ್ಲ. ನಮ್ಮ ಜಿಲ್ಲೆಯಲ್ಲಿ ಬಿಎಸ್ಸಿ ಓದೋರು, ಚಿಂತಾಮಣಿಯ ರೇಷ್ಮೆ ಕಾಲೇಜಲ್ಲಿ ಓದೋರು ಈ ಪೇಜ್ ನೋಡ್ತಿದ್ರೆ ಒಂದು ಮಾತು: ಲೆಕ್ಕದ ಇನ್ನೊಂದು ಕಡೆ ಖಾಲಿ ಇದೆ, ಅದನ್ನ ತುಂಬೋ ಕೆಲಸ ನಿಮ್ಮದು.

ಸೇವ್ ಮಾಡಿಕೊಳ್ಳಿ, ಹುಳು ಸಾಕೋ ಮನೆಯ ಫ್ರೆಂಡ್‌ಗೆ ಕಳಿಸಿ. ನಿಮ್ಮ ಮನೆಯಲ್ಲಿ ಹಾಲು ತೊಂಡೆಗೆ ಏನು ಮಾಡ್ತಾರೆ, ದೊಡ್ಡವರನ್ನ ಕೇಳಿ ಬರೀರಿ. ಮುಂದಿನ ಸೀರೀಸ್: ಗೂಡಿನ ಹರಾಜು ಚೀಟಿಯಿಂದ ಮೊಬೈಲಿಗೆ ಬಂದ ಕಥೆ.

#ಶಿಡ್ಲಘಟ್ಟ #ಚಿಂತಾಮಣಿ #ಗೌರಿಬಿದನೂರು #ಚಿಕ್ಕಬಳ್ಳಾಪುರ #ರೇಷ್ಮೆ #ಹಾಲುತೊಂಡೆ #ಇತಿಹಾಸ #ಕನ್ನಡದಲ್ಲಿವಿಜ್ಞಾನ